ಸೋಫಾ ಎಲ್ಲಿ ಹೋಯಿತು?

ಮನೆಯ ಅತ್ಯುತ್ತಮ ಕೋಣೆ ಮನೆಯವರದಲ್ಲ. ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ನಿಮಗೇ ಗೊತ್ತು. ಗಾಳಿಯಾಡುವ, ಬೆಳಕು ಬೀಳುವ, ಬೀದಿ ಕಾಣುವ ಆ ಕೋಣೆ ಯಾವತ್ತೋ ಬರಬಹುದಾದ, ಬಂದರೆ ಅರ್ಧ ಗಂಟೆ ಕೂತು ಟೀ ಕುಡಿದು ಎದ್ದು ಹೋಗುವ ಯಾರೋ ಒಬ್ಬರಿಗೆ ಮೀಸಲು. ಮನೆಯಲ್ಲಿ ದುಡಿಯುವವರಿಗೆ ಮೆಟ್ಟಿಲ ಕೆಳಗಿನ ಸಂದಿ, ಇಲ್ಲವೇ ಅಡುಗೆಮನೆಯ ಕಟ್ಟೆಯ ತುದಿ. ಬಾರದ ಅತಿಥಿಯ ಬೆನ್ನಿಗೆ ಮೆತ್ತೆ, ಇರುವ ಹೆಂಗಸಿನ ಬೆನ್ನಿಗೆ ನೋವು.

ಅಚ್ಚಕ್ಕನ ಮನೆಯಲ್ಲೂ ಅಂಥದೊಂದು ಕೋಣೆಯಿತ್ತು. ಮುಂಬಾಗಿಲು ದಾಟಿದರೆ ನಡುವೆ ಒಂದು ಓಣಿ. ಎಡಕ್ಕೆ ಬೀದಿಯ ಕಡೆ ದೊಡ್ಡ ಕಿಟಕಿಯಿರುವ ಮುಂಗೋಣೆ, ಬಲಕ್ಕೆ ಅಷ್ಟೇ ಉದ್ದ ಅಷ್ಟೇ ಅಗಲದ ಉಗ್ರಾಣ. ಅಳತೆಯಲ್ಲಿ ಎರಡೂ ಅವಳಿ ಜವಳಿ, ಹಣೆಬರಹ ಮಾತ್ರ ಬೇರೆ. ಮುಂಗೋಣೆಯಲ್ಲಿ ಸಿಂಹದ ಪಾದಗಳಿದ್ದ ತೇಗದ ಸೋಫಾ, ಅದಕ್ಕೆ ಅಂಗಡಿಯಿಂದ ಬಂದ ದಿನದ ಪ್ಲಾಸ್ಟಿಕ್ ಹೊದಿಕೆ. ಉಗ್ರಾಣದ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಆ ಸಂದಿಯಲ್ಲಿ ಹಲ್ಲಿ ಕೂಡ ಹೊಟ್ಟೆ ಒಳಗೆಳೆದುಕೊಂಡೇ ಹೋಗಬೇಕು.

ಅಚ್ಚಕ್ಕ ಎಂದರೆ ಬಟ್ಟೆಯ ಮೇಲೆ ಚಿತ್ತಾರ ಒತ್ತುವ ಮರದ ಅಚ್ಚುಗಳನ್ನು ಕೆತ್ತುವವಳು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯಿತ್ತು, ಬೀದಿಯವರು ಅದನ್ನು ಮರೆತು ಎಷ್ಟೋ ಕಾಲವಾಗಿತ್ತು. ಮದುವೆಗೆ ಮುಂಚಿನಿಂದ ಹಿಡಿದು ಮೊಣಕಾಲು ಮಾತಾಡತೊಡಗುವವರೆಗೆ ಅವಳು ಬಟ್ಟೆ ಕಾರ್ಖಾನೆಯ ಷೆಡ್ಡಿನಲ್ಲಿ, ಯಾರದೋ ಕಿಟಕಿಯ ಕೆಳಗೆ, ಬಳ್ಳಿ, ಎಲೆ, ಮೀನು, ಹಕ್ಕಿ ಕೆತ್ತಿದಳು. ಎಲ್ಲವೂ ಉಲ್ಟಾ. ಬಟ್ಟೆಯ ಮೇಲೆ ಹಕ್ಕಿ ಬಲಕ್ಕೆ ನೋಡಬೇಕಾದರೆ ಅಚ್ಚಿನಲ್ಲಿ ಅದು ಎಡಕ್ಕೆ ನೋಡಬೇಕು.

ಕೈಯ ಕಸುಬು ತಲೆಗೂ ಏರಿತ್ತು. ಗ್ಯಾಸ್ ಸಿಲಿಂಡರಿನವನಿಗೆ ಮನೆಯ ದಾರಿ ಗೀಚಿಕೊಟ್ಟರೆ ಅವನು ಹೋಗಿ ಬೀದಿಯ ಇನ್ನೊಂದು ತುದಿಯ ಹಲ್ಲಿನ ಡಾಕ್ಟರ ಬಾಗಿಲು ಬಡಿಯುತ್ತಿದ್ದ. ಅಡುಗೆಮನೆಯ ಕಪಾಟಿನ ಚಿತ್ರ ಬರೆದುಕೊಟ್ಟಾಗ ಬಡಗಿ ಅದರ ಬಾಗಿಲನ್ನು ಗೋಡೆಗೆ ಬಡಿಯುವ ಹಾಗೆ ಕೂರಿಸಿಹೋದ. ಇವತ್ತಿಗೂ ಅದರಿಂದ ಒಂದು ತಟ್ಟೆ ತೆಗೆಯಬೇಕಾದರೆ ಕೈಯನ್ನು ಹಾವಿನ ಹಾಗೆ ತೂರಿಸಬೇಕು.

ಅವಳ ಗಂಡ ನಿವೃತ್ತ ಹೆಡ್ ಗುಮಾಸ್ತರು. ಕಚೇರಿ ಅವರನ್ನು ಬಿಟ್ಟಿತ್ತು, ಅವರು ಕಚೇರಿಯನ್ನು ಬಿಟ್ಟಿರಲಿಲ್ಲ. ಹಾಲಿನ ಪೊಟ್ಟಣ ಬಂದರೂ ಹಿಂದೆ ಮುಂದೆ ತಿರುಗಿಸಿ ಪರಿಶೀಲಿಸಿಯೇ ಒಳಗೆ ಬಿಡುತ್ತಿದ್ದರು. ಬಾಗಿಲಿಗೆ ಬಂದವರ ಮುಂದೆಲ್ಲ ಅವರದು ಒಂದೇ ನಗೆಮಾತು: “ನಮ್ಮವಳು ಏನು ಬರೆದರೂ ಕನ್ನಡಿ ಹಿಡಿದು ಓದಬೇಕು ನೋಡಿ.” ಬಂದವರು ನಗುತ್ತಿದ್ದರು. ಅಚ್ಚಕ್ಕನೂ ನಗುತ್ತಿದ್ದಳು. ಒಂದೇ ಹಾಸ್ಯಕ್ಕೆ ಮೂವತ್ತು ವರ್ಷ ನಗುವುದೂ ಒಂದು ದುಡಿಮೆಯೇ. ಅದಕ್ಕೆ ಪಿಂಚಣಿಯಿಲ್ಲ ಅಷ್ಟೆ.

ಕಾರ್ಖಾನೆ ಬಿಟ್ಟ ಮೇಲೆ ಅವಳಿಗೊಂದು ಆಸೆ ಹುಟ್ಟಿತು. ಜೀವನವಿಡೀ ಉಲ್ಟಾ ಕೆತ್ತಿದ್ದಾಯಿತು, ಇನ್ನು ಮೇಲೆ ನೆಟ್ಟಗೆ ಕೆತ್ತಬೇಕು. ಬಣ್ಣದಲ್ಲಿ ಅದ್ದಿ ಒತ್ತುವ ಹಕ್ಕಿಯಲ್ಲ, ಮರದಲ್ಲೇ ಕೂತು ತನ್ನನ್ನು ನೋಡುವ ಹಕ್ಕಿ. ಅದಕ್ಕೆ ಸರಿಯಾದ ಒಂದು ಕೆಲಸದ ಕೋಣೆ ಬೇಕು. ಗಂಡನ ಮುಂದೆ ಬಾಯಿಬಿಟ್ಟಳು.

“ಉಗ್ರಾಣ ಇದೆಯಲ್ಲ, ತಗೋ,” ಎಂದರು ಗುಮಾಸ್ತರು, ರಾಜ್ಯದ ಅರ್ಧ ಬರೆದುಕೊಟ್ಟವರ ಹಾಗೆ.

“ಮುಂಗೋಣೆ ಖಾಲಿ ಬಿದ್ದಿದೆಯಲ್ರೀ?”

“ಖಾಲಿ ಎಲ್ಲಿದೆ? ಸೋಫಾ ಇದೆ.”

“ಸೋಫಾ ಮೇಲೆ ಯಾರಿದ್ದಾರೆ?”

“ನಾಳೆ ಅಕ್ಕ ಬಂದ್ರೆ ಎಲ್ಲಿ ಕೂರ್ತಾಳೆ? ನಿನ್ನ ಮರದ ಚಕ್ಕೆ ಮೇಲಾ?”

ಅಕ್ಕ ಎಂದರೆ ಗುಮಾಸ್ತರ ದೊಡ್ಡಕ್ಕ. ವರ್ಷಕ್ಕೊಮ್ಮೆ ಬಂದು ಕೆಲವು ದಿನ ಇದ್ದು ಹೋಗುವವರು. ಆ ಮನೆಯಲ್ಲಿ ಯಾವ ಮಾತಿಗೂ ಕೊನೆಯ ಮೊಳೆ ಹೊಡೆಯುವವರು ಅವರೇ. ಅಚ್ಚಕ್ಕ ಉಳಿಗಳನ್ನು ಎತ್ತಿಕೊಂಡು ಉಗ್ರಾಣಕ್ಕೆ ಹೋದಳು.

ಅಲ್ಲಿ ನೆತ್ತಿಯ ಮೇಲೊಂದು ಬಲ್ಬು. ಕೆತ್ತನೆಯೆಂದರೆ ನೆರಳನ್ನು ಓದುವುದು. ಪಕ್ಕದಿಂದ ಬೆಳಕು ಬಿದ್ದರೆ ಉಳಿ ಎಷ್ಟು ಆಳಕ್ಕೆ ಹೋಗಿದೆ ಎಂಬುದನ್ನು ನೆರಳೇ ಹೇಳುತ್ತದೆ. ನೆತ್ತಿಯ ಮೇಲಿನ ಬಲ್ಬು ಎಲ್ಲವನ್ನೂ ಚಪ್ಪಟೆ ಮಾಡಿ ತೋರಿಸುತ್ತದೆ. ಅವಳ ಕಣ್ಣುಗಳಿಗೂ ವಯಸ್ಸಾಗಿತ್ತು. ಒಂದು ಮಧ್ಯಾಹ್ನ ಹಕ್ಕಿಯ ಕೊಕ್ಕಿಗೆಂದು ಹೊರಟ ಉಳಿ ಎಡಗೈ ಹೆಬ್ಬೆರಳಿಗೆ ಇಳಿಯಿತು. ಹೊಲಿಗೆ ಹಾಕಿಸಿಕೊಂಡು ಬಂದವಳಿಗೆ ಗುಮಾಸ್ತರು ತೀರ್ಪು ಓದಿದರು: “ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕಿತ್ತು ಮಾರಾಯ್ತಿ? ಇನ್ನೊಂದು ಸಲ ರಕ್ತ ಕಂಡ್ರೆ ಅಷ್ಟೂ ಉಳಿ ಗುಜರಿಗೆ.”

ಗುಮಾಸ್ತರು ಆಡಿದ ಮಾತಿಗೆ ತಪ್ಪುವವರಲ್ಲ. ಆ ಕತ್ತಲಲ್ಲಿ ಇನ್ನೊಂದು ಸಲ ರಕ್ತ ಬರುವುದೂ ಖಂಡಿತ. ಅಂದರೆ ಅಚ್ಚಕ್ಕನಿಗೆ ಇದ್ದದ್ದು ಎರಡೇ ದಾರಿ: ಆ ಕಿಟಕಿ ಸಿಗಬೇಕು, ಇಲ್ಲವೇ ಉಳಿಗಳನ್ನು ಮರೆಯಬೇಕು.

ಹೆಬ್ಬೆರಳಿನ ಗಾಯ ಕೂಡುವಷ್ಟರಲ್ಲಿ ಗುಮಾಸ್ತರ ಮನಸ್ಸೂ ಸ್ವಲ್ಪ ಕರಗಿತ್ತು. ಕೆಟ್ಟವರೇನಲ್ಲ ಅವರು. ಕೆಟ್ಟವರಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಒಳ್ಳೆಯವರ ಜೊತೆ ಬಾಳುವುದೇ ಕಷ್ಟ. “ಉಗ್ರಾಣಕ್ಕೆ ಚೆನ್ನಾಗಿ ವೈರಿಂಗ್ ಮಾಡಿಸಿಕೋ,” ಎಂದರು. “ಎರಡು ಟ್ಯೂಬ್‌ಲೈಟು ಜಾಸ್ತಿ ಹಾಕಿಸು. ನಾನು ಊರಿಗೆ ಹೋಗಿ ಅಕ್ಕನ್ನ ಕರ್ಕೊಂಡು ಬರೋಷ್ಟರಲ್ಲಿ ಕೆಲಸ ಮುಗಿದಿರಲಿ.”

ಹೊರಡುವ ದಿನ ಬೆಳಗ್ಗೆ ವೈರಿಂಗಿನವನು ಬಂದ. ಗುಮಾಸ್ತರು ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲೇ ನಿಂತು ಅವನಿಗೆ ಮೆತ್ತಗೆ ಹೇಳಿದರು: “ನೋಡಪ್ಪ, ನಮ್ಮನೆಯವಳು ನಕ್ಷೆ ಬರೆದುಕೊಡ್ತಾಳೆ. ಅವಳ ಕೈ ಗೊತ್ತಲ್ಲ? ಎಲ್ಲ ಉಲ್ಟಾ. ಎಡಕ್ಕೆ ಅಂತ ಇದ್ರೆ ನೀನು ಬಲಕ್ಕೆ ಮಾಡು, ಬಲಕ್ಕೆ ಅಂತ ಇದ್ರೆ ಎಡಕ್ಕೆ. ಅವಳನ್ನ ಕೇಳೋಕೆ ಹೋಗಬೇಡ, ಬೇಜಾರು ಮಾಡ್ಕೋತಾಳೆ. ಕಣ್ಣು ಮುಚ್ಕೊಂಡು ತಿರುಗಿಸಿಬಿಡು.”

“ಆಗಲಿ ಸಾರ್.”

ಮೆತ್ತಗೆ ಎಂದರೆ ಗುಮಾಸ್ತರ ಲೆಕ್ಕದಲ್ಲಿ ಮೆತ್ತಗೆ. ಅಡುಗೆಮನೆಯಲ್ಲಿ ಕಪಾಟಿನೊಳಗೆ ಕೈ ತೂರಿಸಿ ತಟ್ಟೆ ಹುಡುಕುತ್ತಿದ್ದ ಅಚ್ಚಕ್ಕನಿಗೆ ಅದು ಅಕ್ಷರ ಅಕ್ಷರವೂ ಕೇಳಿಸಿತು. ಅವಳ ಕೈ ಅಲ್ಲೇ ನಿಂತಿತು. ಆಮೇಲೆ ಅವಳು ತಟ್ಟೆಯನ್ನು ಬಿಟ್ಟು ಪೆನ್ಸಿಲ್ ಹುಡುಕಿದಳು.

ಜೀವನದಲ್ಲಿ ಮೊದಲ ಸಲ, ಹಲ್ಲು ಕಚ್ಚಿಕೊಂಡು, ಎರಡು ಸಲ ಅಳಿಸಿ, ಅಚ್ಚಕ್ಕ ಒಂದು ನಕ್ಷೆಯನ್ನು ನೆಟ್ಟಗೆ ಬರೆದಳು. ಮುಂಬಾಗಿಲು, ಓಣಿ, ಬಲಕ್ಕೆ ಉಗ್ರಾಣ. ‘ಕೆಲಸ ಬಲಗಡೆಯ ಕೋಣೆಯಲ್ಲಿ’ ಎಂದು ಕೆಳಗೆ ದುಂಡಗೆ ಬರೆದು ಗೆರೆ ಬೇರೆ ಎಳೆದಳು.

ವೈರಿಂಗಿನವನು ನಕ್ಷೆ ಹಿಡಿದು ಓಣಿಯಲ್ಲಿ ನಿಂತು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿದ. ಮುಂಗೋಣೆಯ ಸೋಫಾ ಕಂಡು ಅವನಿಗೆ ಅನುಮಾನ ಬಂತು. “ಅಮ್ಮ, ಈ ಕಡೆ ಸೋಫಾ ಇದೆ...”

“ಸಾರ್ ನಿನಗೆ ಏನಾದ್ರೂ ಹೇಳಿದ್ರಾ?”

“ಹೇಳಿದ್ದಾರೆ...”

“ಹಾಗಾದ್ರೆ ಅವರು ಹೇಳಿದ ಹಾಗೇ ಮಾಡಪ್ಪ. ಯಜಮಾನರ ಮಾತು ಮೀರೋಕೆ ನಾನ್ಯಾರು?”

ಗಂಡನಿಗೆ ಇಷ್ಟು ವಿಧೇಯಳಾದ ಹೆಂಡತಿಯನ್ನು ಅವನು ಕಂಡಿರಲಿಲ್ಲ. ಡ್ರಿಲ್ ಎತ್ತಿಕೊಂಡು ಮುಂಗೋಣೆಗೆ ನುಗ್ಗಿದ.

ಮುಂದಿನದು, ಒಳಗೇ ಕುದಿಯುತ್ತಿದ್ದ ಬಯಕೆ ಒಂದೇ ಸಲ ಮುಚ್ಚಳ ಹಾರಿಸಿದ ಹಾಗೆ ನಡೆಯಿತು. ಕಾರ್ಖಾನೆ ಬಿಡುವಾಗ ಕೊಟ್ಟ ಹಣವನ್ನೆಲ್ಲ ಅಚ್ಚಕ್ಕ ಮುಟ್ಟದೆ ಇಟ್ಟಿದ್ದಳು, ಅದು ಈಗ ಹೊರಗೆ ಬಂತು. ಕಿಟಕಿಯ ಬೆಳಕು ಎಡಗಡೆಯಿಂದ ಬೀಳುವ ಹಾಗೆ ಬೆಂಚಿನ ಜಾಗ ಗುರುತು ಮಾಡಿದಳು. ಬಲಗೈಯವರಿಗೆ ಬೆಳಕು ಎಡದಿಂದಲೇ ಬರಬೇಕು, ಇಲ್ಲದಿದ್ದರೆ ಕೈಯ ನೆರಳೇ ಕೆಲಸದ ಮೇಲೆ ಕೂರುತ್ತದೆ. ಬೆಂಚು ಮೊಣಕೈಯಷ್ಟು ಎತ್ತರ. ಅದಕ್ಕಿಂತ ಕೆಳಗಾದರೆ ಬೆನ್ನು ಕೇಳುತ್ತದೆ, ಮೇಲಾದರೆ ಭುಜ ಕೇಳುತ್ತದೆ. ಬೆಂಚಿನ ತುದಿಗೆ ಮರವನ್ನು ಕಚ್ಚಿ ಹಿಡಿಯುವ ಕಬ್ಬಿಣದ ವೈಸು, ದವಡೆಗೆ ಚರ್ಮ ಅಂಟಿಸಿದ್ದು, ಮರಕ್ಕೆ ಹಲ್ಲಿನ ಗುರುತು ಬೀಳಬಾರದೆಂದು. ಗೋಡೆಗೆ ಹಲಗೆ, ಹಲಗೆಯಲ್ಲಿ ತೂತುಗಳು, ತೂತುಗಳಲ್ಲಿ ಉಳಿಗಳು: ಚಪ್ಪಟೆ ಉಳಿ, ದೋಣಿಯ ಹಾಗೆ ಬಾಗಿದ ಉಳಿ, ಹಕ್ಕಿಯ ಕಣ್ಣಿಗೆ ಮಾತ್ರ ಬಳಸುವ ಸೂಜಿಯಂಥ ಉಳಿ. ಪಕ್ಕದಲ್ಲಿ ಉಳಿಯ ತಲೆಗೆ ಬಡಿಯುವ ಮರದ ಕೊಡತಿಗಳು, ತೂಕದ ಕ್ರಮದಲ್ಲಿ. ಮೂಲೆಯಲ್ಲಿ ಸಾಣೆಕಲ್ಲು, ನೀರಿನ ಬೋಗುಣಿ, ಉಳಿಯ ಬಾಯಿ ಕೊನೆಗೆ ಉಜ್ಜಲು ಚರ್ಮದ ಪಟ್ಟಿ. ಕಾಲ ಕೆಳಗೆ ರಬ್ಬರು ಚಾಪೆ, ಏಕೆಂದರೆ ಮೊಣಕಾಲಿಗೂ ಒಂದು ಮರ್ಯಾದೆಯಿದೆ, ಮೇಲಾಗಿ ಕೈಜಾರಿದ ಉಳಿ ಕಲ್ಲಿನ ಮೇಲೆ ಬಿದ್ದರೆ ಬಾಯಿ ಹೋಯಿತು. ಧೂಳು ಎಳೆದು ಹೊರಗೆ ದೂಡುವ ಫ್ಯಾನು. ಬೇಕಾದಲ್ಲಿಗೆ ಬಗ್ಗುವ ಕತ್ತಿನ ದೀಪ. ಹಿಂಗೋಡೆಗೆ ಮರದ ತುಂಡುಗಳ ಗೂಡು, ಪ್ರತಿ ತುಂಡಿನ ಎರಡೂ ತುದಿಗೆ ಮೇಣ ಸವರಿದ್ದು, ಒಣಗುವಾಗ ಸೀಳದಿರಲೆಂದು. ಬಾಗಿಲ ಪಕ್ಕ ಗಾಯಕ್ಕೆ ಹಚ್ಚುವ ಔಷಧಿಯ ಡಬ್ಬಿ, ಗಂಡನ ಕಣ್ಣಿಗೆ ಬೀಳದಷ್ಟು ಕೆಳಗೆ.

ಉಳಿದದ್ದು ಬೆಂಚು. ಉಗ್ರಾಣದಲ್ಲಿ ಬಿದ್ದಿದ್ದ ಹಳೆಯ ಬಾಗಿಲಿನ ದಪ್ಪ ಹಲಗೆ ಮೇಲ್ಭಾಗಕ್ಕೆ ಸಿಕ್ಕಿತು. ಕಾಲುಗಳಿಗೆ ಗಟ್ಟಿ ಮರ ಬೇಕಿತ್ತು. ಬೆಂಚಿಗೆಂದು ಕರೆಸಿದ್ದ ಬಡಗಿ ಸುತ್ತಲೂ ನೋಡಿದ. ಅಚ್ಚಕ್ಕನೂ ನೋಡಿದಳು. ಇಬ್ಬರ ಕಣ್ಣೂ ಒಂದೇ ಕಡೆ ಹೋಗಿ ನಿಂತವು.

“ತೇಗ,” ಎಂದ ಬಡಗಿ, ನಿಟ್ಟುಸಿರಿಟ್ಟು.

“ಪಾಪ, ಇಷ್ಟು ವರ್ಷ ಯಾರೂ ಇದನ್ನ ಕೆಲಸಕ್ಕೆ ಕರೆದೇ ಇಲ್ಲ,” ಎಂದಳು ಅಚ್ಚಕ್ಕ.

ಗುಮಾಸ್ತರು ಅಕ್ಕನೊಂದಿಗೆ ಬಂದಿಳಿದಾಗ ಬೀದಿಯವರೆಗೂ ಹಸಿ ಮರದ ವಾಸನೆ. ಓಣಿಗೆ ಕಾಲಿಟ್ಟು ಎಡಕ್ಕೆ ತಿರುಗಿದವರು ಹಾಗೇ ನಿಂತರು. ಕಿಟಕಿಯ ಬೆಳಕಲ್ಲಿ ಉಳಿಗಳು ಹೊಳೆಯುತ್ತಿದ್ದವು. ಅಚ್ಚಕ್ಕ ಕನ್ನಡಕ ಹಣೆಗೇರಿಸಿ, ತಲೆಯಲ್ಲಿ ಎರಡು ಮರದ ಚಕ್ಕೆ ಸಿಕ್ಕಿಸಿಕೊಂಡು ನಗುತ್ತಿದ್ದಳು.

“ಬನ್ನಿ ಅತ್ತಿಗೆ, ಪ್ರಯಾಣ ಚೆನ್ನಾಗಾಯ್ತಾ?”

ಗುಮಾಸ್ತರ ಚೀಲ ಹೆಗಲಿಂದ ಜಾರಿತು. ಕಣ್ಣು ಕತ್ತಲೆ ಬಂದವರ ಹಾಗೆ ಮುಂದೆ ಬಂದು ಬೆಂಚಿಗೆ ಕೈ ಊರಿ ನಿಂತರು. ಬಾಯಿಂದ ಒಂದೇ ಮಾತು ಬಂತು:

“ಸೋಫಾ ಎಲ್ಲಿ?”

“ಅದರ ಮೇಲೇ ಕೈ ಇಟ್ಕೊಂಡಿದ್ದೀರಲ್ರೀ.”

ಗುಮಾಸ್ತರು ಬಗ್ಗಿ ನೋಡಿದರು. ಬೆಂಚಿನ ಕೆಳಗಿನಿಂದ ನಾಲ್ಕು ಸಿಂಹದ ಪಾದಗಳು ಅವರನ್ನೇ ನೋಡುತ್ತಿದ್ದವು.

“ಉಗ್ರಾಣದಲ್ಲಿ ಅಂತ ತಾನೇ ಹೇಳಿದ್ದು ನಾನು? ನಿನ್ನ ಕೈಯಲ್ಲಿ ನಕ್ಷೆ ಬರೆಸಿದ್ದೇ ತಪ್ಪು! ಮತ್ತೆ ಉಲ್ಟಾ ಬರೆದಿದ್ದೀಯ!”

ಅಚ್ಚಕ್ಕ ಗೋಡೆಗೆ ಸಿಕ್ಕಿಸಿದ್ದ ಹಾಳೆ ತೆಗೆದು ಮುಂದೆ ಹಿಡಿದಳು. ಗುಮಾಸ್ತರು ನೋಡಿದರು. ಅಭ್ಯಾಸಬಲದಿಂದ ತಿರುಗಿಸಿ ನೋಡಿದರು. ಮತ್ತೆ ನೆಟ್ಟಗೆ ಹಿಡಿದು ನೋಡಿದರು. ಬಲಕ್ಕೆ ಉಗ್ರಾಣ. ಕೆಳಗೆ ದುಂಡಗಿನ ಅಕ್ಷರ. ಒಂದು ಚುಕ್ಕೆ ತಪ್ಪಿಲ್ಲ.

“ನಾನು ಸರಿಯಾಗೇ ಬರೆದೆ,” ಎಂದಳು ಅಚ್ಚಕ್ಕ, ಬಾಯಲ್ಲಿ ಬೆರಳಿಟ್ಟರೂ ಕಚ್ಚದವಳ ಹಾಗೆ. “ವೈರಿಂಗಿನವನು ಯಾಕೆ ಹೀಗೆ ಮಾಡಿದ್ನೋ ಕಾಣೆ. ಯಾರೋ ದೊಡ್ಡವರು ಅವನಿಗೆ ಏನೋ ಹೇಳಿದ್ರಂತೆ. ಫೋನ್ ಮಾಡಿ ಕೇಳಲಾ?”

“ಬೇಡ,” ಎಂದರು ಗುಮಾಸ್ತರು ಬೇಗನೆ.

ತಾನೇ ತೋಡಿದ ಹಳ್ಳಕ್ಕೆ ತಾನೇ ಬಿದ್ದವನಿಗೆ ನೋವಿಗಿಂತ ದೊಡ್ಡ ಚಿಂತೆ, ನೋಡಿದವರು ಯಾರು ಎಂಬುದು. ನೋಡಿದವರು ಪಕ್ಕದಲ್ಲೇ ನಿಂತಿದ್ದರು. ಗುಮಾಸ್ತರು ದೊಡ್ಡಕ್ಕನ ಕಡೆಗೇ ತಿರುಗಿದರು.

“ನೀನೇ ನೋಡಕ್ಕ! ನಿನಗೆ ಅಂತ ಇಟ್ಟಿದ್ದ ಕೋಣೆ. ಈಗ ನೀನೆಲ್ಲಿ ಕೂರ್ತೀಯ? ನಾಳೇನೇ ಎಲ್ಲ ಕೀಳಿಸಿ ಉಗ್ರಾಣಕ್ಕೆ ಹಾಕಿಸ್ತೀನಿ. ಏನಂತೀಯ?”

ಅಚ್ಚಕ್ಕನ ನಗು ಅಲ್ಲಿಗೆ ನಿಂತಿತು. ತಮಾಷೆ ಏನಿದ್ದರೂ ಇಲ್ಲಿಯವರೆಗೆ. ಅತ್ತಿಗೆ ತಲೆಯಾಡಿಸಿದರೆ ಕಿಟಕಿ ಹೋಯಿತು, ಉಗ್ರಾಣ ಬಂತು, ಅದರ ಹಿಂದೆಯೇ ಗುಜರಿ. ಅವಳು ಹೆಬ್ಬೆರಳಿನ ಕಲೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

ದೊಡ್ಡಕ್ಕ ಹುಬ್ಬು ಗಂಟಿಕ್ಕಿ ತಮ್ಮನನ್ನು ನೋಡಿದರು. “ನಾನು ಈ ಕೋಣೆಯಲ್ಲಿ ಯಾವತ್ತು ಕೂತಿದ್ದೆ?”

“ಅಂದ್ರೆ?”

“ಬಂದವಳು ನೇರ ಅಡುಗೆಮನೆಗೆ ಹೋಗಿ ಮಣೆ ಎಳ್ಕೊಂಡು ಇವಳ ಹತ್ರ ಕೂರ್ತೀನಿ. ಒಂದೇ ಒಂದು ಸಲ ನಿನ್ನ ಆ ಸೋಫಾ ಮೇಲೆ ಕೂತಿದ್ದೆ. ಸೆಖೆಗೆ ಪ್ಲಾಸ್ಟಿಕ್ಕು ಅಂಟ್ಕೊಂಡು, ಏಳುವಾಗ ಅರ್ಧ ಚರ್ಮ ಅಲ್ಲೇ ಉಳೀತು. ನನ್ನ ಹೆಸರು ಹೇಳ್ಕೊಂಡು ಇವಳಿಗೆ ಕತ್ತಲೆ ಕೋಣೆ ಕೊಟ್ಟಿದ್ದೀಯೇನೋ ನೀನು?”

“ಹಾಗಲ್ಲಕ್ಕ, ಬಂದವರಿಗೆ ಒಂದು ಮರ್ಯಾದೆ...”

“ಅದೂ ಸರೀನೇ ಬಿಡು,” ಎಂದು ದೊಡ್ಡಕ್ಕ ಒಂದು ಹೆಜ್ಜೆ ಹಿಂದೆ ಸರಿದರು. “ಮನೆ ಅಂದಮೇಲೆ ಒಂದು ಕೋಣೆ ನೆಟ್ಟಗಿರಬೇಕು. ನಾನೂ ಇಟ್ಟಿಲ್ವಾ? ನನ್ನ ತಮ್ಮ ಬಂದ್ರೆ ಇರಲಿ ಅಂತ ಮಹಡಿ ಮೇಲಿನ ಕೋಣೆಗೆ ಯಾರನ್ನೂ ಬಿಡಲ್ಲ. ಹೊಸ ಹಾಸಿಗೆ, ಹೊಸ ಹೊದಿಕೆ.”

ಅಚ್ಚಕ್ಕ ಅದನ್ನೇ ಕಾಯುತ್ತಿದ್ದವಳ ಹಾಗೆ ಗಂಡನ ಕಡೆ ತಿರುಗಿದಳು. “ಹೌದೇನ್ರೀ? ಈ ಸಲ ಅಲ್ಲೇ ಮಲಗಿದ್ರಾ? ಹಾಸಿಗೆ ಮೆತ್ತಗಿತ್ತಾ?”

ಗುಮಾಸ್ತರು ಸುಳ್ಳು ಹೇಳುವವರಲ್ಲ. ಅದೇ ಅವರ ಕಷ್ಟ. ನೆಲ ನೋಡಿದರು, ಛಾವಣಿ ನೋಡಿದರು.

“ಪಡಸಾಲೆಯಲ್ಲಿ ಮಲಗಿದ್ದೆ. ಚಾಪೆ ಮೇಲೆ.”

“ಯಾಕ್ರೀ?”

“ಹಾಸಿಗೆ ಹೊಸದು, ಹಾಳಾಗುತ್ತೆ ಅಂತ ಅಕ್ಕ...”

ಮೊದಲು ನಕ್ಕವರು ದೊಡ್ಡಕ್ಕ. ಸಿಟ್ಟಿನಲ್ಲೇ ನಗಲು ಶುರುಮಾಡಿದರು, ಆಮೇಲೆ ಸಿಟ್ಟು ಎಲ್ಲಿಯೋ ಉದುರಿಹೋಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಬೆಂಚಿನ ಸಿಂಹದ ಪಾದಕ್ಕೆ ಕಾಲಲ್ಲಿ ಮೆಲ್ಲಗೆ ಒದ್ದರು. “ಇದಾದ್ರೂ ಕೆಲಸಕ್ಕೆ ಬಂತು. ಏನೇ, ಬರೀ ಉಳಿ ಹೊಳೀತಾ ಇದ್ರೆ ಹೊಟ್ಟೆ ತುಂಬುತ್ತಾ? ಟೀ ಎಲ್ಲಿ?”

ಗುಮಾಸ್ತರು ಕೊನೆಯ ಅಸ್ತ್ರ ಎತ್ತಿದರು. “ಟೀ ಕುಡಿಯೋಣ. ಆದ್ರೆ ಬೆಂಚು ಮಾತ್ರ ಉಗ್ರಾಣಕ್ಕೆ ಹೋಗಲಿ.”

“ಹೋಗಲಿ ಬಿಡಿ,” ಎಂದಳು ಅಚ್ಚಕ್ಕ ತಕ್ಷಣ. “ನೆಲಕ್ಕೆ ಬೋಲ್ಟ್ ಹಾಕಿಸಿದ್ದೀನಿ. ಕಿತ್ತರೆ ನಿಮ್ಮ ಹೊಳೆಯೋ ನೆಲದಲ್ಲಿ ನಾಲ್ಕು ತೂತು ಉಳಿಯುತ್ತೆ. ಬಂದವರು ನೋಡಿ ಏನಂದುಕೊಳ್ತಾರೋ, ಅದನ್ನ ನೀವೇ ಯೋಚ್ನೆ ಮಾಡಿ.”

ಬಂದವರು ಏನಂದುಕೊಳ್ಳುತ್ತಾರೆ! ಮೂವತ್ತು ವರ್ಷ ಹೆಂಡತಿಯ ಬಾಯಿ ಮುಚ್ಚಿಸಿದ್ದ ಮಾತು ಅದು. ಬೋಲ್ಟಿನ ಹಾಗೆ ತಿರುಗಿ ಬಂದು ಅವರ ಮೇಲೇ ಬಿಗಿಯಿತು. ಗುಮಾಸ್ತರು ಟೀ ಮಾಡಲು ತಾವೇ ಒಳಗೆ ಹೋದರು. ಕಪಾಟಿನಲ್ಲಿ ಕೈ ಸಿಕ್ಕಿಹಾಕಿಕೊಂಡು ಕೂಗಿದ್ದು ಮುಂಗೋಣೆಯವರೆಗೂ ಕೇಳಿಸಿತು.

ಅಚ್ಚಕ್ಕ ನೆಟ್ಟಗೆ ಕೆತ್ತಿದ ಮೊದಲ ಕೆಲಸ ಹಕ್ಕಿಯಲ್ಲ. ಓಣಿಯ ಕುರ್ಚಿಯಲ್ಲಿ ಮಧ್ಯಾಹ್ನದ ಹೊತ್ತು ಬಾಯಿ ತೆರೆದು ನಿದ್ದೆಹೋಗುವ ಒಬ್ಬ ನಿವೃತ್ತ ಹೆಡ್ ಗುಮಾಸ್ತರು ಬೆಂಚಿನಿಂದ ಚೆನ್ನಾಗಿ ಕಾಣುತ್ತಿದ್ದರು. ಕಿಟಕಿಯ ಬೆಳಕು ಓರೆಯಾಗಿ ಅವರ ಮೂಗಿನ ಮೇಲೂ ಬೀಳುತ್ತಿತ್ತು. ಮೂಗು, ಮಡಿಚಿದ ಪೇಪರು, ಜಾರಿದ ಕನ್ನಡಕ, ನೊಣ ಹೊಕ್ಕು ಸುತ್ತಾಡಿ ಬರಬಹುದಾದ ಬಾಯಿ, ಒಂದನ್ನೂ ಬಿಡಲಿಲ್ಲ. ಹೆಬ್ಬೆರಳಿಗೆ ಒಂದು ಗೀರೂ ಆಗಲಿಲ್ಲ.

“ಇದು ನಾನಲ್ಲ,” ಎಂದರು ಗುಮಾಸ್ತರು.

“ಮೂಗು ನಮ್ಮಪ್ಪಂದೇ,” ಎಂದರು ದೊಡ್ಡಕ್ಕ. “ಗೊರಕೆ ಮಾತ್ರ ನಿನ್ನದು. ಕಿವಿಗೊಟ್ಟರೆ ಕೇಳಿಸುತ್ತೆ.”

ಅದನ್ನು ನೋಡಲು ಜನ ಬರತೊಡಗಿದರು. ಸಿಲಿಂಡರಿನವನು, ವೈರಿಂಗಿನವನು, ಬೀದಿಯ ಆ ತುದಿಯ ಹಲ್ಲಿನ ಡಾಕ್ಟರು. ಡಾಕ್ಟರಂತೂ ಮರದ ಬಾಯಿಯೊಳಗೆ ಬಗ್ಗಿ ನೋಡಿ ಹಿಂದಿನ ಹಲ್ಲೊಂದು ಹುಳುಕಾಗಿದೆ ಎಂದರು. ಸೋಫಾ ಇದ್ದಷ್ಟು ಕಾಲ ಯಾರೂ ಇಣುಕದಿದ್ದ ಕೋಣೆಗೆ, ಕೂರಲು ಜಾಗವೇ ಇಲ್ಲದ ಮೇಲೆ ಅತಿಥಿಗಳು ಬಂದರು. ಗುಮಾಸ್ತರು ಬಾಗಿಲಲ್ಲಿ ನಿಂತು, ಕೈ ಹಿಂದೆ ಕಟ್ಟಿಕೊಂಡು, ವಿವರಿಸುತ್ತಾರೆ: “ಬೆಳಕು ಎಡದಿಂದಲೇ ಬೀಳಬೇಕು. ಅದಕ್ಕೇ ನಾನು ವೈರಿಂಗಿನವನಿಗೆ ಮೊದಲೇ ಹೇಳಿಟ್ಟಿದ್ದೆ.” ಹೇಳಿದ್ದು ನಿಜವೇ ಆದ್ದರಿಂದ ಅಚ್ಚಕ್ಕ ಅದನ್ನು ತಿದ್ದುವುದಿಲ್ಲ.

ದೊಡ್ಡಕ್ಕ ಊರಿಗೆ ಮರಳಿದ ಮೇಲೆ ಅಚ್ಚಕ್ಕ ಫೋನಿನಲ್ಲಿ ಕೇಳಿದಳು: “ಅತ್ತಿಗೆ, ಮಹಡಿ ಕೋಣೆ ಬಾಗಿಲು ತೆಗೆದ್ರಾ?”

“ಬೀಗದ ಕೈ ಹುಡುಕ್ತಾ ಇದ್ದೀನಿ ಕಣೇ,” ಎಂದರು ದೊಡ್ಡಕ್ಕ. ಅದು ಅವರ ಸೊಂಟದಲ್ಲೇ ಇದೆಯೆಂದು ಅಚ್ಚಕ್ಕನಿಗೆ ಗೊತ್ತು.

ನಿಮ್ಮ ಮನೆಯ ಬೀಗದ ಕೈ ಎಲ್ಲಿದೆ ಎಂದು ನಿಮಗೂ ಗೊತ್ತು. ಹುಡುಕುವ ನಾಟಕ ಬೇಡ. ಆ ಕೋಣೆಗೆ ಕೊನೆಯ ಸಲ ಯಾರು ಬಂದು ಕೂತರು ಎಂದು ಒಮ್ಮೆ ನೆನಪಿಸಿಕೊಳ್ಳಿ. ನೆನಪಿಗೆ ಬಾರದಿದ್ದರೆ, ನಿಮ್ಮ ಮನೆಯಲ್ಲಿ ಹೊಲಿಗೆಯೋ ಓದೋ ಕೆತ್ತನೆಯೋ ಹಿಡಿದು ಮೂಲೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕೂತಿರುವವರು ಯಾರೆಂದು ನೋಡಿ. ಏಳಿ. ಸೋಫಾದ ಪ್ಲಾಸ್ಟಿಕ್ ಕಿತ್ತೆಸೆಯಿರಿ, ಕಿಟಕಿ ತೆಗೆಯಿರಿ, ಬೀಗದ ಕೈಯನ್ನು ಅವರ ಅಂಗೈಗೆ ಇಟ್ಟು ಈಚೆ ಬನ್ನಿ. ನಾಳೆಯಲ್ಲ, ಈ ಪುಟ ಮಡಿಚಿಟ್ಟ ಕೂಡಲೇ.